ಲಂಚದ ದರಪಟ್ಟಿ

ಪೆರು ದೇಶದ ರಾಜಧಾನಿ ಲಿಮಾ. ಗುಪ್ತಚರ ಇಲಾಖೆಯ ಕಚೇರಿಯೊಳಗೆ ಒಂದು ಪುಟ್ಟ ಕೋಣೆ, ಅದರಲ್ಲಿ ಸೋಫಾ. ಕೂತವರು ಇಬ್ಬರು. ಒಬ್ಬ ವ್ಲಾದಿಮಿರೊ ಮೊಂತೆಸಿನೋಸ್. ಹೆಸರಿಗೆ ಸಲಹೆಗಾರ, ಅಸಲಿಗೆ ಅಧ್ಯಕ್ಷ ಆಲ್ಬರ್ಟೊ ಫುಜಿಮೊರಿಯ ಬಲಗೈ, ಎಡಗೈ ಎರಡೂ ಆತನೇ. ಇನ್ನೊಬ್ಬ ಆಗಷ್ಟೇ ವಿರೋಧ ಪಕ್ಷದ ಟಿಕೆಟಿನಲ್ಲಿ ಗೆದ್ದುಬಂದ ಸಂಸದ ಆಲ್ಬರ್ಟೊ ಕೌರಿ. ಮಾತಿನ ನಡುವೆ ಮೊಂತೆಸಿನೋಸ್ ನೋಟಿನ ಕಂತೆ ತೆಗೆದು ಕೊಡುತ್ತಾನೆ, ಕೌರಿ ಜೇಬಿಗಿಳಿಸುತ್ತಾನೆ. 15,000 ಡಾಲರ್. ನಮ್ಮ ಕಚೇರಿಗಳಲ್ಲಿ ಡ್ರಾಯರನ್ನು ಅರ್ಧ ಎಳೆದಿಟ್ಟು ಕಿಟಕಿಯ ಕಡೆ ಮುಖ ತಿರುಗಿಸುವ ಒಂದು ಶಾಸ್ತ್ರವಾದರೂ ಇದೆ. ಅಲ್ಲಿ ಅದೂ ಇಲ್ಲ. ಕೈಸಾಲ ವಾಪಸು ಕೊಟ್ಟಷ್ಟು ಸಲೀಸು.

ಇದನ್ನೆಲ್ಲ ಗುಟ್ಟಾಗಿ ಚಿತ್ರೀಕರಿಸಿಕೊಂಡವನು ಹಣ ಕೊಟ್ಟ ಮೊಂತೆಸಿನೋಸನೇ. ಕೊಂಡ ಸಂಸದ ನಾಳೆ ತಿರುಗಿಬಿದ್ದರೆ ಕೈಯಲ್ಲೊಂದು ಆಧಾರ ಇರಲಿ ಎಂದು. ವಿಡಿಯೊ ಸಾಲದೆಂದು ರಸೀದಿ ಬರೆಸಿಕೊಳ್ಳುತ್ತಿದ್ದ, ಟಿವಿ ಚಾನೆಲ್ ಮಾಲೀಕರಿಂದ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದ. ಕಳ್ಳಲೆಕ್ಕವನ್ನು ಇಷ್ಟು ಶ್ರದ್ಧೆಯಿಂದ ಇಟ್ಟ ಇನ್ನೊಬ್ಬ ರಾಜಕಾರಣಿ ಸಿಗುವುದು ಕಷ್ಟ. ಸೆಪ್ಟೆಂಬರ್ 14, 2000ರಂದು ಆ ಟೇಪು ಟಿವಿಯಲ್ಲಿ ಬಂತು. ಹತ್ತು ವರ್ಷ ಅಲುಗಾಡದೆ ಕೂತಿದ್ದ ಸರ್ಕಾರ ಎರಡೇ ತಿಂಗಳಿಗೆ ಮಗುಚಿಕೊಂಡಿತು. ಫುಜಿಮೊರಿ ಜಪಾನಿಗೆ ಹೋದವನು ಅಲ್ಲಿಂದಲೇ ಫ್ಯಾಕ್ಸಿನಲ್ಲಿ ರಾಜೀನಾಮೆ ಕಳಿಸಿದ.

ನನಗೆ ಆ ವಿಡಿಯೊಗಿಂತ ಕುತೂಹಲದ್ದು ಅದರ ಹಿಂದಿನ ಲೆಕ್ಕ. ಅದೃಷ್ಟಕ್ಕೆ ಆ ಲೆಕ್ಕವನ್ನು ಕೂತು ಓದಿದವರಿದ್ದಾರೆ. ಜಾನ್ ಮೆಕ್‌ಮಿಲನ್ ಮತ್ತು ಪಾಬ್ಲೊ ಸೋಯಿದೊ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಮೊಂತೆಸಿನೋಸನ ಟೇಪು, ರಸೀದಿಗಳನ್ನು ಮುಂದಿಟ್ಟುಕೊಂಡು ಯಾರ್‍ಯಾರ ಬೆಲೆ ಎಷ್ಟಿತ್ತು ಎಂದು ಹೋಲಿಸಿದರು. ನ್ಯಾಯಾಧೀಶ ಅಗ್ಗ. ಸಂಸದ ನ್ಯಾಯಾಧೀಶನಿಗಿಂತ ತುಸು ದುಬಾರಿ. ಟಿವಿ ಚಾನೆಲ್ಲಿನ ಮಾಲೀಕ ಸಂಸದನಿಗಿಂತ ಸುಮಾರು ನೂರು ಪಟ್ಟು ದುಬಾರಿ. ಒಂದು ಚಾನೆಲ್ಲಿಗೆ ತಿಂಗಳಿಗೆ 15 ಲಕ್ಷ ಡಾಲರ್ ಹೋಗುತ್ತಿತ್ತು.

ಇದರಲ್ಲೊಂದು ತರ್ಕವಿದೆ. ಸಂಸತ್ತಿನಲ್ಲಿದ್ದದ್ದು 120 ಸ್ಥಾನ, 2000ದ ಚುನಾವಣೆಯಲ್ಲಿ ಫುಜಿಮೊರಿಯ ಕೂಟಕ್ಕೆ ಬಂದದ್ದು 52. ಬಹುಮತಕ್ಕೆ ಇನ್ನೊಂಬತ್ತು ತಲೆ ಬೇಕು, ಮಾರುಕಟ್ಟೆಯಲ್ಲಿ ಅರವತ್ತೆಂಟು ತಲೆ ಇವೆ. ಒಬ್ಬ ಚೌಕಾಸಿ ಜಾಸ್ತಿ ಮಾಡಿದರೆ ಪಕ್ಕದವನಿದ್ದಾನೆ. ಹಾಗಾಗಿ ಸಂಸದನ ದರ ಏರುವುದಿಲ್ಲ. ಚಾನೆಲ್ಲುಗಳ ಕಥೆ ಹಾಗಲ್ಲ. ಐದನ್ನು ಕೊಂಡು ಒಂದನ್ನು ಬಿಟ್ಟರೂ ಆ ಒಂದೇ ಊರಿಗೆಲ್ಲ ಸುದ್ದಿ ಸಾರಿಬಿಡುತ್ತದೆ. ಆದ್ದರಿಂದ ಪ್ರತಿಯೊಬ್ಬ ಮಾಲೀಕನೂ ತಾನೊಬ್ಬನೇ ಇರುವವನ ಹಾಗೆ ಬೆಲೆ ಕೇಳಬಲ್ಲ. ಪಕ್ಷ ಬಿಟ್ಟು ಹಾರಿದವರಿಗೆ ಪೆರುವಿನ ಜನ 'ತ್ರಾನ್ಸ್‌ಫುಗ' ಎನ್ನುತ್ತಿದ್ದರು. ರೆಸಾರ್ಟ್ ಬಸ್ಸುಗಳನ್ನು ನೋಡಿರುವ ನಮಗೆ ಆ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಭ್ರಷ್ಟಾಚಾರಕ್ಕೆ ಕಾರಣ ದುರಾಸೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ದುರಾಸೆ ಎಲ್ಲಿಲ್ಲ? ಸ್ಟಾಕ್‌ಹೋಮಿನವನಿಗೂ ಇದೆ, ಲಾಗೋಸಿನವನಿಗೂ ಇದೆ. ಒಬ್ಬ ಆಳುವವನು ಕುರ್ಚಿ ಉಳಿಸಿಕೊಳ್ಳಲು ಯಾರನ್ನು ತೃಪ್ತಿಪಡಿಸಬೇಕಿತ್ತು, ಯಾರ ಬಾಯಿ ಮುಚ್ಚಿಸಬೇಕಿತ್ತು ಎಂದು ಹುಡುಕಿಕೊಂಡು ಹೋದರೆ ದುಡ್ಡಿನ ಜಾಡು ತಾನಾಗಿ ಸಿಗುತ್ತದೆ. ಪೆರುವಿನ ಸಂವಿಧಾನದಲ್ಲಿ ಸಂಸತ್ತು, ನ್ಯಾಯಾಂಗಗಳಿಗೆ ಎಷ್ಟು ಪುಟ ಮೀಸಲಿತ್ತೋ ನನಗೆ ಮುಖ್ಯವಲ್ಲ. ಫುಜಿಮೊರಿ ನಿಜಕ್ಕೂ ಯಾರಿಗೆ ಹೆದರುತ್ತಿದ್ದ ಎಂಬುದು ಮೊಂತೆಸಿನೋಸನ ದರಪಟ್ಟಿಯಲ್ಲಿದೆ.

ಇಟಲಿಯ ಪಟ್ಟಿ ಬೇರೆ ಥರ. ಅಲ್ಲಿ ದುಡ್ಡು ಸರ್ಕಾರದಿಂದ ಹೊರಕ್ಕೆ ಹರಿಯಲಿಲ್ಲ, ಊರಿನಿಂದ ಪಕ್ಷದ ಕಡೆಗೆ ಹರಿಯಿತು.

ಫೆಬ್ರವರಿ 17, 1992, ಸೋಮವಾರ ಸಂಜೆ. ಮಿಲಾನ್ ನಗರದ ಪಿಯೊ ಆಲ್ಬೆರ್ಗೊ ತ್ರಿವುಲ್ಜಿಯೊ ಎಂಬ ಹಳೆಯ ವೃದ್ಧಾಶ್ರಮ. ಅದರ ಅಧ್ಯಕ್ಷ ಮಾರಿಯೊ ಕೀಯೆಜಾ, ಸಮಾಜವಾದಿ ಪಕ್ಷದವನು. ಆಶ್ರಮದ ನೆಲ ಗುಡಿಸಿ ಒರೆಸುವ ಕೆಲಸವನ್ನು ಗುತ್ತಿಗೆ ಹಿಡಿದಿದ್ದ ಸಣ್ಣ ಕಂಪನಿಯ ಮಾಲೀಕನೊಬ್ಬ ಒಳಗೆ ಹೋದ. ಗುತ್ತಿಗೆ 14 ಕೋಟಿ ಲೀರಾದ್ದು, ಅಧ್ಯಕ್ಷರ ಪಾಲು ಶೇ 10. ಅವತ್ತು ತಂದದ್ದು ಅರ್ಧ ಕಂತು, 70 ಲಕ್ಷ ಲೀರಾ. ಲೀರಾ ಲೆಕ್ಕ ಕೇಳಿ ಬೆಚ್ಚಬೇಡಿ, ಆಗಿನ ದರದಲ್ಲಿ ಅದು ಐದಾರು ಸಾವಿರ ಡಾಲರ್ ಅಷ್ಟೆ. ಕಾಡಿಸಿ ಕಾಡಿಸಿ ಸಾಕಾಗಿ ಈ ಗುತ್ತಿಗೆದಾರ ಮೊದಲೇ ಪೊಲೀಸರ ಬಳಿ ಹೋಗಿದ್ದ, ನೋಟುಗಳಿಗೆ ಗುರುತು ಬಿದ್ದಿತ್ತು. ಆತ ಹೊರಬಂದದ್ದೇ ತಡ ಪೊಲೀಸರು ಒಳಗೆ ನುಗ್ಗಿದರು. ಪ್ರಾಸಿಕ್ಯೂಟರ್ ಆಂತೊನಿಯೊ ದಿ ಪಿಯೆತ್ರೊ ಹಾಕಿದ್ದ ಬಲೆ ಅದು.

ನೆಲ ಒರೆಸುವ ಗುತ್ತಿಗೆಯ ಹತ್ತು ಪರ್ಸೆಂಟಿನಿಂದ ಒಂದು ಗಣರಾಜ್ಯದ ಪಕ್ಷಗಳೆಲ್ಲ ಉದುರಿಹೋಗುತ್ತವೆ ಎಂದು ಆ ಸಂಜೆ ಯಾರೂ ಅಂದುಕೊಂಡಿರಲಿಲ್ಲ. ಸಮಾಜವಾದಿ ನಾಯಕ, ಮಾಜಿ ಪ್ರಧಾನಿ ಬೆತ್ತಿನೊ ಕ್ರಾಕ್ಸಿ, ಕೀಯೆಜಾನನ್ನು ಒಬ್ಬ ಪುಡಿ ಕಳ್ಳ ಎಂದು ಟಿವಿಯಲ್ಲಿ ಕೊಡವಿ ಹಾಕಿದ. ಅದೇ ತಪ್ಪಾಯಿತು. ಸೆರೆಮನೆಯಲ್ಲಿ ಕೂತಿದ್ದ ಕೀಯೆಜಾ ರೋಷ ಉಕ್ಕಿ ಬಾಯಿಬಿಟ್ಟ. ಒಬ್ಬ ಇನ್ನಿಬ್ಬರ ಹೆಸರು ಹೇಳಿದ, ಅವರು ಮತ್ತೆ ನಾಲ್ವರ ಹೆಸರು ಹೇಳಿದರು. ಮಿಲಾನಿಗೆ 'ತಂಜೆಂತೊಪೊಲಿ' ಎಂಬ ಅಡ್ಡಹೆಸರು ಬಿತ್ತು, ಅಂದರೆ ಲಂಚಪುರಿ. ಜುಲೈ 3, 1992ರಂದು ಕ್ರಾಕ್ಸಿ ಸಂಸತ್ತಿನಲ್ಲಿ ಎದ್ದುನಿಂತು, ಪಕ್ಷಗಳ ದುಡ್ಡಿನಲ್ಲಿ ಬಹುಪಾಲು ಅಕ್ರಮದ್ದು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅಲ್ಲವೆಂದು ಪ್ರಮಾಣ ಮಾಡುವವರಿದ್ದರೆ ಏಳಿ ಎಂಬರ್ಥದ ಮಾತಾಡಿದ. ಒಬ್ಬರೂ ಏಳಲಿಲ್ಲ. ಆತನ ಬದುಕಿನ ಅತಿ ಪ್ರಾಮಾಣಿಕ ಭಾಷಣ ಅದೇ ಇರಬೇಕು. ಮುಂದಿನ ಏಪ್ರಿಲಿನಲ್ಲಿ, ಆತನ ಮೇಲೆ ಮೊಕದ್ದಮೆ ನಡೆಸಲು ಸಂಸತ್ತು ಪೂರಾ ಅನುಮತಿ ಕೊಡದಿದ್ದಾಗ, ರೋಮಿನ ಹೋಟೆಲೊಂದರ ಬಾಗಿಲಲ್ಲಿ ಜನ ಆತನ ಮೇಲೆ ಚಿಲ್ಲರೆ ಕಾಸು ಎಸೆದರು. ಟ್ಯುನೀಷಿಯಾಕ್ಕೆ ಹೋದವನು ಅಲ್ಲೇ 2000ದಲ್ಲಿ ತೀರಿಕೊಂಡ.

ಇಟಲಿಯವರು ಇಷ್ಟೊಂದು ಕೆಟ್ಟದ್ದು ಯಾಕೆ? ಅದಕ್ಕೆ ಶೀತಲ ಸಮರದ ಕಡೆ ನೋಡಬೇಕು. ಪಶ್ಚಿಮ ಯುರೋಪಿನಲ್ಲೇ ಅತಿ ದೊಡ್ಡ ಕಮ್ಯುನಿಸ್ಟ್ ಪಕ್ಷ ಇಟಲಿಯಲ್ಲಿತ್ತು. 1976ರಲ್ಲಿ ಅದಕ್ಕೆ ಮೂರರಲ್ಲೊಂದು ಪಾಲಿಗೂ ಹೆಚ್ಚು ಮತ ಬಿದ್ದಿತ್ತು. ಆದರೂ 1947ರ ನಂತರ ಅದನ್ನು ಸರ್ಕಾರದ ಹೊಸಿಲು ದಾಟಗೊಡಲಿಲ್ಲ, ಅಮೆರಿಕ ಒಪ್ಪುತ್ತಿರಲಿಲ್ಲ, ವ್ಯಾಟಿಕನ್ನೂ ಒಪ್ಪುತ್ತಿರಲಿಲ್ಲ. ಎದುರಾಳಿ ಎಂದೂ ಅಧಿಕಾರಕ್ಕೆ ಬರುವುದಿಲ್ಲ ಎಂದಮೇಲೆ ಆಳುತ್ತಿದ್ದ ಕ್ರಿಶ್ಚಿಯನ್ ಡೆಮಾಕ್ರಟರಿಗೆ ಸೋಲಿನ ಭಯ ಎಲ್ಲಿಯದು? ಸರ್ಕಾರಗಳು ವರ್ಷಕ್ಕೊಂದರಂತೆ ಬಿದ್ದವು, ಎದ್ದವು, ಮುಖಗಳು ಅವೇ. ನಮ್ಮಲ್ಲಿ ಆಡಳಿತ ವಿರೋಧಿ ಅಲೆ ಎಂದು ಬೈದುಕೊಳ್ಳುವ ಆ ಐದು ವರ್ಷದ ಒದೆತ ಇಟಲಿಯ ಮತದಾರನ ಕಾಲಿಗೆ ಇರಲೇ ಇಲ್ಲ. ಬರ್ಲಿನ್ ಗೋಡೆ ಬಿದ್ದು, 1991ರಲ್ಲಿ ಕಮ್ಯುನಿಸ್ಟ್ ಪಕ್ಷವೇ ಹೆಸರು ಬದಲಿಸಿಕೊಂಡಮೇಲೆ ಜನರಿಗೆ ಕಮ್ಯುನಿಸ್ಟರ ಭಯವೂ ಹೋಯಿತು. ಲಂಚದ ಸಂಗತಿ 1992ರಲ್ಲಿ ಹೊಸದೇನೂ ಆಗಿರಲಿಲ್ಲ. ಅದಕ್ಕಾಗಿ ಮತ ತಪ್ಪಿಸುವ ಧೈರ್ಯ ಹೊಸದು.

ಇನ್ನೊಂದು ಕಾರಣ ಮತಪತ್ರದಲ್ಲೇ ಅಡಗಿತ್ತು. ಮತದಾರ ಪಕ್ಷಕ್ಕೆ ಮತ ಹಾಕಿ, ಅದೇ ಪಕ್ಷದ ಪಟ್ಟಿಯೊಳಗೆ ತನಗೆ ಬೇಕಾದ ಮೂರು ನಾಲ್ಕು ಹೆಸರನ್ನೂ ಸೂಚಿಸಬಹುದಿತ್ತು. ಕೇಳಲು ಚೆಂದ. ಆದರೆ ಅಭ್ಯರ್ಥಿಗೆ ಅದರರ್ಥ ಏನೆಂದರೆ, ತನ್ನ ವೈರಿ ಎದುರು ಪಕ್ಷದವನಲ್ಲ, ಪಕ್ಕದ ಕುರ್ಚಿಯವನು. ಇಬ್ಬರ ಬಾವುಟವೂ ಒಂದೇ, ಪ್ರಣಾಳಿಕೆಯೂ ಒಂದೇ. ಹಾಗಿದ್ದಮೇಲೆ ತನ್ನ ಹೆಸರಿಗೇ ಮತ ಬೀಳಬೇಕಾದರೆ ಸ್ವಂತ ಹಿಂಬಾಲಕರು, ಸ್ವಂತ ಕಚೇರಿ, ಸ್ವಂತ ಖರ್ಚು ಬೇಕು. ಮಿರಿಯಮ್ ಗೋಲ್ಡನ್ ಮತ್ತು ಎರಿಕ್ ಚಾಂಗ್ ಎಂಬ ರಾಜಕೀಯ ವಿಜ್ಞಾನಿಗಳು ಇದನ್ನು ಅಂಕಿಅಂಶದಲ್ಲಿ ಪರಿಶೀಲಿಸಿದಾಗ, ಪಕ್ಷದೊಳಗಿನ ಪೈಪೋಟಿ ಜೋರಿದ್ದ ಕಡೆ ಕ್ರಿಶ್ಚಿಯನ್ ಡೆಮಾಕ್ರಟ್ ಸಂಸದರ ಮೇಲೆ ಅಕ್ರಮದ ಆರೋಪಗಳೂ ಹೆಚ್ಚಿದ್ದದ್ದು ಕಂಡಿತು. 1991ರ ಜನಮತಗಣನೆಯಲ್ಲಿ ಜನರೇ ಆ ಹಲವು ಹೆಸರುಗಳನ್ನು ಒಂದಕ್ಕೆ ಇಳಿಸಿದರು.

ಚುನಾವಣೆಯ ಖರ್ಚಿನ ಮಾತು ಬಂದಮೇಲೆ ನಮ್ಮ ಮನೆಯ ಕಡೆಯೂ ಒಮ್ಮೆ ತಿರುಗಬೇಕು. ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ನಿಷೇಧಿಸಿತು, ಬದಲಿಗೆ ಸರ್ಕಾರಿ ನೆರವನ್ನೇನೂ ಕೊಡಲಿಲ್ಲ. ಲೈಸೆನ್ಸ್, ಕೋಟಾ, ಪರ್ಮಿಟ್ಟುಗಳ ಕಾಲ. ಚೆಕ್ಕಿನಲ್ಲಿ ಬರುತ್ತಿದ್ದದ್ದು ಸೂಟ್‌ಕೇಸಿನಲ್ಲಿ ಬರತೊಡಗಿತು. 1985ರಲ್ಲಿ ನಿಷೇಧ ತೆರವಾಯಿತು, ಆದರೆ ಸೂಟ್‌ಕೇಸಿನ ರೂಢಿ ಹೋಗಲಿಲ್ಲ. ಕೊನೆಗೆ ಚುನಾವಣಾ ಬಾಂಡ್ ಬಂತು, ಯಾರು ಯಾರಿಗೆ ಕೊಟ್ಟರೆಂಬುದನ್ನು ಮತದಾರನಿಂದ ಮುಚ್ಚಿಟ್ಟಿತು, ಫೆಬ್ರವರಿ 15, 2024ರಂದು ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕ ಎಂದಿತು. ಇವತ್ತು ಕರ್ನಾಟಕದಲ್ಲಿ ಒಬ್ಬ ವಿಧಾನಸಭಾ ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ 40 ಲಕ್ಷ, ಆತನ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಆ 40 ಲಕ್ಷದಲ್ಲಿ ಎಷ್ಟು ದಿನ ಪ್ರಚಾರ ನಡೆಯುತ್ತದೆ ಎಂದು ಶಾಮಿಯಾನದವರನ್ನೂ ಬಿರಿಯಾನಿ ಹಂಡೆಯವರನ್ನೂ ಕೇಳಬೇಕು. ಗೆಲ್ಲುವ ಮೊದಲೇ ಸಾಲಗಾರನಾದವನು ಗೆದ್ದಮೇಲೆ ಏನು ಮಾಡುತ್ತಾನೆ ಎನ್ನುವುದಕ್ಕೆ ಸಂಶೋಧನೆ ಬೇಡ.

ಹಾಗಾದರೆ ಚುನಾವಣೆಯೇ ರೋಗವೇ? ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತ ಹಿರಿಯರೊಬ್ಬರು ವಾರಕ್ಕೊಮ್ಮೆಯಾದರೂ ನನಗೆ ಹೇಳುತ್ತಾರೆ: "ಎರಡು ವರ್ಷ ಮಿಲಿಟರಿ ರೂಲ್ ಬರ್ಲಿ ಸಾರ್, ಎಲ್ಲ ನೆಟ್ಟಗಾಗುತ್ತೆ." ಅವರಿಗೆ ನಾನು ಜೈರೆಯ ಕಥೆ ಹೇಳಬೇಕು, ಕಾಫಿ ಮುಗಿಯುವುದರೊಳಗೆ ಆಗುವುದಿಲ್ಲ.

ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯಕ್ಕೆ ಜೈರೆ ಎಂದು ಹೆಸರಿಟ್ಟಿದ್ದ ಮೊಬುಟು ಸೈನ್ಯದವನೇ. 1965ರಲ್ಲಿ ಅಧಿಕಾರ ಕಿತ್ತುಕೊಂಡು 1997ರವರೆಗೆ ಆಳಿದ. ಕದಿಯುವುದಿದ್ದರೆ ಅತಿಯಾಗಿ ಕದಿಯಬೇಡಿ, ಸ್ವಲ್ಪ ಸ್ವಲ್ಪವಾಗಿ, ನಾಜೂಕಾಗಿ ಕದಿಯಿರಿ ಎಂದು ಸಾರ್ವಜನಿಕ ಭಾಷಣದಲ್ಲೇ ಬುದ್ಧಿ ಹೇಳಿದ ಪುಣ್ಯಾತ್ಮ. ಸಂಬಳ ಬಾರದ ಗುಮಾಸ್ತ, ಸಿಪಾಯಿಗಳು ಹೊಟ್ಟೆಪಾಡಿಗೆ ಮಾಡುತ್ತಿದ್ದುದಕ್ಕೆ ಕಿನ್ಶಾಸಾದ ಜನ 'ಹದಿನೈದನೇ ವಿಧಿ' ಎಂದು ಹೆಸರಿಟ್ಟಿದ್ದರು. ಹೇಗೋ ನಿಭಾಯಿಸಿಕೋ ಎನ್ನುವ, ಸಂವಿಧಾನದಲ್ಲಿ ಇಲ್ಲದ ವಿಧಿ.

ಮೊಬುಟು ಯಾರನ್ನು ಕೊಂಡ, ಹೇಗೆ ಕೊಂಡ ಎನ್ನುವುದಕ್ಕೆ ಎನ್‌ಗುಜಾ ಕಾರ್ಲ್-ಇ-ಬೊಂಡ್ ಎಂಬ ಒಬ್ಬನ ಬದುಕು ಸಾಕು. 1977ರಲ್ಲಿ ಈತ ವಿದೇಶಾಂಗ ಮಂತ್ರಿ. ಅದೇ ವರ್ಷ ರಾಜದ್ರೋಹದ ಆರೋಪ, ಬಂಧನ, ಮರಣದಂಡನೆ. ದಂಡನೆ ಜಾರಿಯಾಗಲಿಲ್ಲ, ಕ್ಷಮೆ ಸಿಕ್ಕಿತು, 1979ರಲ್ಲಿ ಮತ್ತೆ ಅದೇ ವಿದೇಶಾಂಗ ಖಾತೆ, 1980ರಲ್ಲಿ ಪ್ರಧಾನಿ ಪಟ್ಟ. 1981ರಲ್ಲಿ ದೇಶ ಬಿಟ್ಟು ಓಡಿ, ಅಮೆರಿಕದ ಸಂಸತ್ ಸಮಿತಿಯ ಮುಂದೆ ಮೊಬುಟುವಿನ ಲೂಟಿಯನ್ನು ಬಿಡಿಬಿಡಿಯಾಗಿ ಬಯಲು ಮಾಡಿದ. 1985ರಲ್ಲಿ ತಲೆತಗ್ಗಿಸಿ ಊರಿಗೆ ಮರಳಿದ. ಗಲ್ಲಿಗೇರಿಸಿದರೇ? ಇಲ್ಲ. ಮುಂದಿನ ವರ್ಷ ಅದೇ ಅಮೆರಿಕಕ್ಕೆ ರಾಯಭಾರಿ ಮಾಡಿ ಕಳಿಸಿದರು. 1991ರಲ್ಲಿ ಇನ್ನೊಮ್ಮೆ ಪ್ರಧಾನಿ.

ಇಲ್ಲಿ ಲಂಚ ಅಂದರೆ ಕುತ್ತಿಗೆಗೆ ಕಟ್ಟಿದ ಹಗ್ಗ. ಮೇಯಲು ಬಿಡುತ್ತಾರೆ, ಮೇದದ್ದನ್ನು ಬರೆದಿಟ್ಟುಕೊಳ್ಳುತ್ತಾರೆ, ಜಾಸ್ತಿ ದೂರ ಹೋದರೆ ಎಳೆಯುತ್ತಾರೆ. ಎಳೆದವನನ್ನು ಕೊಲ್ಲುವುದಕ್ಕಿಂತ ಮತ್ತೆ ಮೇಯಲು ಬಿಟ್ಟರೆ ಉಳಿದವರಿಗೆ ಪಾಠ: ಬೈದವನಿಗೂ ಇಲ್ಲಿ ಜಾಗವಿದೆ, ಹೊರಗೆ ಮಾತ್ರ ಏನೂ ಇಲ್ಲ. ಮೊಬುಟುಗೆ ಮತದಾರರ ಭಯವಿರಲಿಲ್ಲ. ಭಯವಿದ್ದದ್ದು ತನ್ನ ಊಟದ ಮೇಜಿನಲ್ಲಿ ಕೂತವರದು. ದೇಶದ ತಾಮ್ರ, ಕೋಬಾಲ್ಟ್ ಹಣ ಆ ಮೇಜು ದಾಟಿ ಕೆಳಗಿಳಿಯಲಿಲ್ಲ.

ಮಿಲಿಟರಿ ಬೇಡ, ಹಾಂಗ್‌ಕಾಂಗ್ ನೋಡಿ ಎನ್ನುವವರಿದ್ದಾರೆ. ಅದು ನೋಡತಕ್ಕದ್ದೇ. 1970ರ ಆಸುಪಾಸಿನ ಆ ಬ್ರಿಟಿಷ್ ವಸಾಹತಿನಲ್ಲಿ ಆಸ್ಪತ್ರೆಯ ಆಯಾಗೆ ಕಾಸು ಕೊಡದಿದ್ದರೆ ರೋಗಿಗೆ ಬೆಡ್‌ಪ್ಯಾನ್ ಸಿಗುತ್ತಿರಲಿಲ್ಲ. ಕ್ಯಾಂಟನೀಸ್ ಆಡುಮಾತಿನಲ್ಲಿ ದುಡ್ಡಿಗೂ 'ನೀರು' ಎನ್ನುತ್ತಾರೆ. ಬೆಂಕಿ ಆರಿಸಲು ಬಂದವರು ಆ 'ನೀರು' ಸಿಕ್ಕಮೇಲೆ ಈ ನೀರು ಬಿಡುತ್ತಾರೆ ಎಂದು ಊರೇ ನಗುತ್ತಿತ್ತು, ಸಿಟ್ಟಿನ ನಗೆ. ಪೊಲೀಸ್ ಇಲಾಖೆಯೊಳಗೆ ಮಾಮೂಲಿಗೆ 'ಬಸ್ಸು' ಎಂಬ ಸಂಕೇತ. ಬಸ್ಸು ಹತ್ತು, ಇಲ್ಲವೇ ಅದರ ಪಕ್ಕದಲ್ಲಿ ಓಡು, ಅಡ್ಡ ಮಾತ್ರ ನಿಲ್ಲಬೇಡ ಎಂದು ಹೊಸಬರಿಗೆ ಉಪದೇಶ. ಜೂನ್ 1973ರಲ್ಲಿ ಪೀಟರ್ ಗಾಡ್ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿ, 43 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಮಿಕ್ಕ ಆಸ್ತಿಗೆ ಲೆಕ್ಕ ಕೊಡಬೇಕಾಗಿ ಬಂದಾಗ, ತನ್ನದೇ ಪೊಲೀಸ್ ಪಾಸು ತೋರಿಸಿ ವಿಮಾನ ಹತ್ತಿ ಇಂಗ್ಲೆಂಡಿಗೆ ಪರಾರಿಯಾದ. ವಿದ್ಯಾರ್ಥಿಗಳು ಬೀದಿಗಿಳಿದರು. ಗವರ್ನರ್ ಮುರ್ರೆ ಮೆಕ್ಲೆಹೋಸ್ 1974ರ ಫೆಬ್ರವರಿಯಲ್ಲಿ ಪೊಲೀಸರಿಂದ ಪೂರಾ ಬೇರೆಯಾದ, ತನಗೆ ನೇರ ವರದಿ ಒಪ್ಪಿಸುವ ಸ್ವತಂತ್ರ ಆಯೋಗವನ್ನು ಕಟ್ಟಿದ. ಮರುವರ್ಷ ಗಾಡ್ಬರ್‌ನನ್ನು ಹಿಡಿದು ತಂದು ನಾಲ್ಕು ವರ್ಷ ಜೈಲಿಗೆ ಹಾಕಿದರು.

ಮೆಕ್ಲೆಹೋಸನಿಗೆ ಇದು ಸಾಧ್ಯವಾದದ್ದು ಹೇಗೆ? ಆತನನ್ನು ಕುರ್ಚಿಯಲ್ಲಿ ಕೂರಿಸಿದ್ದು ಲಂಡನ್. ಮಾಮೂಲಿಯ ಬಸ್ಸಿನಿಂದ ಆತನಿಗೆ ಬರಬೇಕಾದ್ದು ಏನೂ ಇರಲಿಲ್ಲ, ಬೀದಿಯಲ್ಲಿದ್ದ ಜನರ ವಿಶ್ವಾಸ ಮಾತ್ರ ತುರ್ತಾಗಿ ಬೇಕಿತ್ತು. ಆದರೆ ಪೊಲೀಸರೂ ಬೇಕೇ ಬೇಕಿದ್ದರು. ಆದ್ದರಿಂದಲೇ 1977ರ ಅಕ್ಟೋಬರಿನಲ್ಲಿ ಪೊಲೀಸರೇ ಗುಂಪುಗೂಡಿ ಆಯೋಗದ ಕಚೇರಿಗೆ ನುಗ್ಗಿ ಹೊಡೆದಾಟ ನಡೆಸಿದಾಗ ಆತ ಹಿಂದೆ ಸರಿದ. ಆ ವರ್ಷದ ಜನವರಿ 1ಕ್ಕೆ ಹಿಂದಿನ ಬಹುತೇಕ ತಪ್ಪುಗಳನ್ನು ಕೆದಕುವುದಿಲ್ಲ ಎಂದು ಘೋಷಿಸಬೇಕಾಯಿತು. ಹಾಂಗ್‌ಕಾಂಗಿನ ಯಶಸ್ಸಿನ ಕಥೆ ಹೇಳುವವರು ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ.

ಇದೇ ಮಾದರಿಯ ಆಯೋಗವನ್ನು ಇಂಡೊನೇಷ್ಯಾ 2003ರ ಹೊತ್ತಿಗೆ ಕಟ್ಟಿಕೊಂಡಿತು, ಕೆಲಸವನ್ನೂ ಮಾಡಿತು. 2009ರಲ್ಲಿ ಒಬ್ಬ ಪೊಲೀಸ್ ಜನರಲ್ ಅದನ್ನು ಮೊಸಳೆಗೆ ಎದುರು ನಿಂತ ಹಲ್ಲಿಗೆ ಹೋಲಿಸಿದ. ಜನ ಹಲ್ಲಿಯ ಪರ ನಿಂತರು. ಮೊಸಳೆಗೆ ಆತುರವಿರಲಿಲ್ಲ. 2019ರಲ್ಲಿ ಸಂಸತ್ತು ಕಾನೂನು ತಿದ್ದಿ ಆಯೋಗದ ನೌಕರರನ್ನು ಮಾಮೂಲಿ ಸರ್ಕಾರಿ ನೌಕರರನ್ನಾಗಿ ಮಾಡಿತು, ಮೇಲೊಂದು ಉಸ್ತುವಾರಿ ಮಂಡಳಿ ಕೂರಿಸಿತು. ನಮ್ಮಲ್ಲಿ 1984ರ ಕಾಯ್ದೆಯಿಂದ ಹುಟ್ಟಿದ ಲೋಕಾಯುಕ್ತ 2011ರಲ್ಲಿ ಗಣಿ ವರದಿ ಕೊಟ್ಟಿತು, ಸರ್ಕಾರದ ಬುಡ ಅಲುಗಿತು. 2016ರಲ್ಲಿ ಲಂಚದ ತನಿಖೆಯನ್ನು ಸರ್ಕಾರದ ಕೈಕೆಳಗಿನ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ವರ್ಗಾಯಿಸಲಾಯಿತು, 2022ರ ಆಗಸ್ಟಿನಲ್ಲಿ ಹೈಕೋರ್ಟ್ ಆ ದಳವನ್ನೇ ರದ್ದುಮಾಡಿ ತನಿಖೆಯನ್ನು ಲೋಕಾಯುಕ್ತಕ್ಕೆ ಮರಳಿಸಿತು. ಈ ಆರು ವರ್ಷ ವಿರೋಧ ಪಕ್ಷಗಳು ಎಸಿಬಿಯನ್ನು ಬೈದದ್ದೇ ಬೈದದ್ದು. ಅಧಿಕಾರಕ್ಕೆ ಬಂದವರು ಮಾತ್ರ ತಾವಾಗಿ ಅದನ್ನು ಮುಚ್ಚಲಿಲ್ಲ.

ಇನ್ನು ಬ್ರೆಜಿಲ್. ಅಲ್ಲಿನ ಅಧ್ಯಕ್ಷ ಜನರಿಂದ ನೇರ ಗೆಲ್ಲುತ್ತಾನೆ, ಆದರೆ ಕೆಳಮನೆಯ 513 ಸ್ಥಾನಗಳಲ್ಲಿ ಆತನ ಪಕ್ಷ ಐದರಲ್ಲೊಂದನ್ನು ಗೆದ್ದರೆ ಹೆಚ್ಚು. 2002ರಲ್ಲಿ ಲೂಲಾ ಭಾರಿ ಬಹುಮತದಿಂದ ಅಧ್ಯಕ್ಷನಾದಾಗ ಆತನ ಪಕ್ಷಕ್ಕೆ ಬಂದದ್ದು 91. ಉಳಿದವರನ್ನು ಒಂದೊಂದು ಮಸೂದೆಗೂ ಕೂಡಿಸಬೇಕು. ಮಂತ್ರಿಗಿರಿ ಹಂಚಿದರು, ಸಾಲಲಿಲ್ಲ. ಪೆಟ್ರೊಬ್ರಾಸ್ ಎಂಬ ಸರ್ಕಾರಿ ತೈಲ ಕಂಪನಿಯ ನಿರ್ದೇಶಕ ಹುದ್ದೆಗಳೂ ಪಕ್ಷಗಳ ಪಾಲಾದವು. ಒಂದು ವಿಭಾಗ ಒಂದು ಪಕ್ಷಕ್ಕೆ, ಅಲ್ಲಿನ ಗುತ್ತಿಗೆಗಳ ಮೇಲೆ ಒಂದರಿಂದ ಮೂರು ಪರ್ಸೆಂಟು. 2014ರಲ್ಲಿ ರಾಜಧಾನಿಯ ಒಂದು ಪೆಟ್ರೋಲ್ ಬಂಕಿನಿಂದ ಶುರುವಾದ 'ಲಾವಾ ಜಾಟೊ' ತನಿಖೆ ಇದನ್ನೆಲ್ಲ ಬಗೆಯಿತು. ಬಗೆದ ನ್ಯಾಯಾಧೀಶ ಸೆರ್ಜಿಯೊ ಮೊರೊ ಮುಂದೆ ಲೂಲಾನ ಎದುರಾಳಿಯ ಸರ್ಕಾರದಲ್ಲಿ ನ್ಯಾಯಮಂತ್ರಿಯಾದ, ಆ ತನಿಖೆಯಲ್ಲಿ ಲೂಲಾಗೆ ಆಗಿದ್ದ ಶಿಕ್ಷೆಗಳು 2021ರಲ್ಲಿ ರದ್ದಾದವು. ಯಾರು ಯಾರನ್ನು ಬಳಸಿಕೊಂಡರು ಎಂಬ ಜಗಳ ಅಲ್ಲಿ ಇನ್ನೂ ಆರಿಲ್ಲ.

ಆ ತನಿಖೆಯಲ್ಲಿ ಸಿಕ್ಕಿಬಿದ್ದ ಒಡೆಬ್ರೆಕ್ಟ್ ಎಂಬ ನಿರ್ಮಾಣ ಕಂಪನಿ ಲಂಚ ಹಂಚಲೆಂದೇ ಒಂದು ಇಲಾಖೆ ನಡೆಸುತ್ತಿತ್ತು. ಹನ್ನೆರಡು ದೇಶಗಳಲ್ಲಿ ಸುಮಾರು 78 ಕೋಟಿ 80 ಲಕ್ಷ ಡಾಲರ್ ಕೊಟ್ಟಿದ್ದಾಗಿ 2016ರಲ್ಲಿ ಒಪ್ಪಿಕೊಂಡಿತು. ಆ ಹನ್ನೆರಡರಲ್ಲಿ ಪೆರುವೂ ಒಂದು. ಫುಜಿಮೊರಿಯ ವಿರುದ್ಧ ಬೀದಿಗಿಳಿದು ಮುಂದೆ ಅಧ್ಯಕ್ಷನಾದ ಅಲೆಹಾಂದ್ರೊ ತೊಲೆದೊ ಈ ಕಂಪನಿಯ ದುಡ್ಡು ತಿಂದದ್ದಕ್ಕೆ 2024ರಲ್ಲಿ 20 ವರ್ಷ 6 ತಿಂಗಳ ಶಿಕ್ಷೆಗೆ ಗುರಿಯಾದ. ಸೋಫಾದ ಮೇಲೆ ಕೂತು 15,000 ಡಾಲರ್ ಜೇಬಿಗಿಳಿಸಿದ ಕೌರಿ ಗೆದ್ದು ಬಂದಿದ್ದದ್ದು ಇದೇ ತೊಲೆದೊನ ಪಕ್ಷದಿಂದ.

ಆ ಟೇಪಿನ ಬಗ್ಗೆ ಒಂದು ಮಾತು ಹೇಳದೆ ಉಳಿಸಿದ್ದೆ. ಮೊಂತೆಸಿನೋಸ್ ಅಷ್ಟೊಂದು ಹಣ ಸುರಿದು ದೊಡ್ಡ ಚಾನೆಲ್ಲುಗಳನ್ನು ಹಿಡಿತಕ್ಕೆ ತೆಗೆದುಕೊಂಡಿದ್ದ. ಮಾತು ಕೇಳದ ಒಬ್ಬ ಮಾಲೀಕ, ಇಸ್ರೇಲಿನಿಂದ ಬಂದು ನೆಲೆಸಿದ ಬಾರುಕ್ ಇವ್ಚೆರ್‌ನ ಪೌರತ್ವವನ್ನೇ 1997ರಲ್ಲಿ ಕಿತ್ತು ಆತನ ಚಾನೆಲ್ಲನ್ನು ಬೇರೆಯವರ ಕೈಗೆ ಕೊಡಿಸಲಾಗಿತ್ತು. ಮಿಕ್ಕದ್ದು ಕೆನಾಲ್ ಎನ್. ವರ್ಷದ ಹಿಂದಷ್ಟೇ ಶುರುವಾದ ಕೇಬಲ್ ಚಾನೆಲ್, ದಿನವಿಡೀ ಸುದ್ದಿ, ತಿಂಗಳ ಚಂದಾ ಕಟ್ಟಿದವರಿಗೆ ಮಾತ್ರ. ನೋಡುವವರು ಎಷ್ಟು ಮಹಾ ಎಂದುಕೊಂಡನೋ ಏನೋ, ಅದನ್ನು ಕೊಳ್ಳುವ ಗೋಜಿಗೆ ಆತ ಹೋಗಿರಲಿಲ್ಲ. ಟೇಪು ಮೊದಲು ಬಂದದ್ದು ಅದರಲ್ಲೇ.